ಮುಂಡಕ್ಕೈ ಗುಡ್ಡ ಕುಸಿದ ಮೇಲೆ ಚಿಕ್ಕಮ್ಮನಿಗೆ ಕೊಡಿಸಿದ ಚಿಕಿತ್ಸೆ

ಕಳೆದ ತಿಂಗಳು ಮನೋವೈದ್ಯರು ನನ್ನ ಚಿಕ್ಕಮ್ಮನ ಮಾತ್ರೆಯನ್ನು ಪೂರ್ತಿ ನಿಲ್ಲಿಸಿದರು. ವರ್ಷಕ್ಕಿಂತ ಜಾಸ್ತಿ ನಡೆದ ಚಿಕಿತ್ಸೆ ಇದು. ಯಾವ ಆಸ್ಪತ್ರೆಗೆ ಹೋಗಬೇಕು, ಯಾವ ಕಾಗದ ಬೇಕು, ಯಾವಾಗ ಕಾಯಬೇಕು, ಯಾವಾಗ ಕಾಯಬಾರದು ಎಂದು ನಮಗೆ ಹೇಳುವವರು ಇರಲಿಲ್ಲ. ಕೊಡಗಿನಲ್ಲಿ 2018ರಲ್ಲಿ ಗುಡ್ಡ ಕುಸಿಯಿತು, 2024ರ ಜುಲೈನಲ್ಲಿ ಅಂಕೋಲಾದ ಶಿರೂರಿನಲ್ಲಿ ಕುಸಿಯಿತು. ಅದೇ ತಿಂಗಳ ಕೊನೆಗೆ ವಯನಾಡಿನಲ್ಲಿ. ಇಂಥ ಮನೆಗಳು ನಮ್ಮ ಕಡೆಯೂ ಬೇಕಾದಷ್ಟಿವೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನಾವು ಗುಂಡ್ಲುಪೇಟೆ ಕಡೆಯವರು. ನಮ್ಮ ತಾಯಿಯ ತಂಗಿಯನ್ನು ವಯನಾಡಿನ ಟೀ ಎಸ್ಟೇಟ್‌ನಲ್ಲಿ ಕೆಲಸ ಮಾಡುತ್ತಿದ್ದವರಿಗೆ ಕೊಟ್ಟಿದ್ದೆವು. ನಮ್ಮ ಜಿಲ್ಲೆಯಿಂದ ಅಲ್ಲಿಯ ತೋಟಗಳಿಗೆ ಹೋಗಿ ನೆಲೆಸಿದ ಕುಟುಂಬಗಳು ಬಹಳ. ಮೇಪ್ಪಾಡಿ ಪಂಚಾಯಿತಿಯ ಮುಂಡಕ್ಕೈನಲ್ಲಿ, ಅಲ್ಲಿಯವರು ಪಾಡಿ ಎನ್ನುವ ಲೈನ್ ಮನೆಯಲ್ಲಿ ಇಬ್ಬರೇ ಇದ್ದರು. ಮಕ್ಕಳಿಲ್ಲ.

2024ರ ಜುಲೈ 30ರ ನಡುರಾತ್ರಿ ಕಳೆದ ಮೇಲೆ ಗುಡ್ಡ ಕುಸಿಯಿತು. ಮೊದಲ ಸದ್ದಿಗೆ ಇಬ್ಬರೂ ಎದ್ದು ಟೀ ಗಿಡಗಳ ನಡುವೆ ಮೇಲಕ್ಕೆ ಹತ್ತಿದರು. ಪಕ್ಕದ ಮನೆಯ ವಯಸ್ಸಾದವರನ್ನು ಕರೆತರುತ್ತೇನೆ ಎಂದು ಚಿಕ್ಕಪ್ಪ ವಾಪಸ್ ಇಳಿದರು. ಆಮೇಲೆ ಇನ್ನೊಮ್ಮೆ ಕುಸಿಯಿತು. ಚಿಕ್ಕಪ್ಪ ಸಿಗಲೇ ಇಲ್ಲ.

ನಮಗೆ ಸುದ್ದಿ ತಿಳಿದದ್ದು ಟಿವಿಯಿಂದ. ಫೋನ್ ಸಿಗಲಿಲ್ಲ. ಬಂಡೀಪುರದ ರಸ್ತೆಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಬಿಡುವುದಿಲ್ಲ. ಚೆಕ್‌ಪೋಸ್ಟ್ ಮುಂದೆ ಕತ್ತಲಲ್ಲೇ ಕಾಯುತ್ತಾ ಕೂತಿದ್ದೆವು, ಗೇಟು ತೆರೆದ ಕೂಡಲೇ ಹೊರಟೆವು. ಚಿಕ್ಕಮ್ಮ ಮೇಪ್ಪಾಡಿಯ ಒಂದು ಶಾಲೆಯ ಕ್ಯಾಂಪಿನಲ್ಲಿ ಸಿಕ್ಕರು. ಯಾರದೋ ನೈಟಿ ಹಾಕಿಕೊಂಡಿದ್ದರು. ನನ್ನ ಅಮ್ಮನನ್ನು ನೋಡಿದರೂ ಅಳಲಿಲ್ಲ. "ಅವ್ರು ಬತ್ತಾರೆ, ನೀವು ಊಟ ಮಾಡಿ" ಅಂದರು.

ಕ್ಯಾಂಪಿಗೆ ಆಪ್ತಸಮಾಲೋಚಕರು ಬರುತ್ತಿದ್ದರು. ಗುರುತಿನ ಚೀಟಿ ಇದ್ದವರನ್ನು ಮಾತ್ರ ಒಳಗೆ ಬಿಡುತ್ತಿದ್ದರು. ಅದು ಬಹಳ ಒಳ್ಳೆಯ ಏರ್ಪಾಡು. ನಮ್ಮ ಚಿಕ್ಕಮ್ಮನ ಹತ್ತಿರ ಬಂದ ಹುಡುಗಿ ಆ ರಾತ್ರಿ ಏನಾಯಿತು ಎಂದು ಒಮ್ಮೆಯೂ ಕೇಳಲಿಲ್ಲ. ಬಿಪಿ ಮಾತ್ರೆ ಇದೆಯಾ, ಚಪ್ಪಲಿ ಇದೆಯಾ, ಯಾರಿಗೆ ಫೋನ್ ಮಾಡಬೇಕು, ಸ್ನಾನ ಆಯಿತಾ ಎಂದಷ್ಟೇ ಕೇಳಿದಳು. ಇದೆಂಥ ಕೌನ್ಸೆಲಿಂಗ್ ಎಂದು ನನಗೆ ಅನಿಸಿತ್ತು. ಆಮೇಲೆ ನಮ್ಮ ಡಾಕ್ಟರ್ ವಿವರಿಸಿದರು. ದುರಂತದ ಮೊದಲ ದಿನಗಳಲ್ಲಿ ಕೊಡುವ ಮಾನಸಿಕ ಪ್ರಥಮ ಚಿಕಿತ್ಸೆ ಅಂದರೆ ಇದೇ. ಏನು ಬೇಕು ಎಂದು ಗಮನಿಸುವುದು, ಹೇಳಿದ್ದನ್ನು ಕೇಳಿಸಿಕೊಳ್ಳುವುದು, ಬೇಕಾದವರ ಜೊತೆ ಸೇರಿಸುವುದು. ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ತಂದ ಕೈಪಿಡಿಯೂ ಹೀಗೇ ಹೇಳುತ್ತದೆ. ಸಂತ್ರಸ್ತರನ್ನು ಕೂರಿಸಿ ನಡೆದದ್ದನ್ನೆಲ್ಲ ಒಂದೇ ಸಲಕ್ಕೆ ಹೇಳಿಸಿದರೆ ಮನಸ್ಸು ಹಗುರ ಆಗುತ್ತದೆ ಎಂಬುದು ತಪ್ಪು ತಿಳಿವಳಿಕೆಯಂತೆ. ಕೆಲವರಿಗೆ ಅದರಿಂದ ಕೆಡುಕೇ ಆಗಬಹುದು. ಹಾಗಾಗಿ ನಿಮ್ಮ ಮನೆಯವರು ಕ್ಯಾಂಪಿನಲ್ಲಿದ್ದರೆ ಹಾಲು, ಹಾಸಿಗೆ, ಕನ್ನಡಕ, ಫೋನ್ ಚಾರ್ಜರ್ ಹೊಂದಿಸಿಕೊಡಿ. ಅವರೇ ಮಾತಾಡಿದರೆ ಕೇಳಿ. ಕೆದಕಬೇಡಿ.

ಒಂದು ತೊಂದರೆ ಮಾತ್ರ ಇತ್ತು. ಚಿಕ್ಕಮ್ಮನಿಗೆ ಮಲಯಾಳಂ ಚೆನ್ನಾಗಿಯೇ ಬರುತ್ತದೆ. ಆದರೆ ದುಃಖ ಬಂದಾಗ ಅವರ ಬಾಯಲ್ಲಿ ಬರುತ್ತಿದ್ದುದು ನಮ್ಮೂರಿನ ಕನ್ನಡ. ಆ ಹುಡುಗಿಗೆ ಅದು ಅರ್ಥವಾಗುತ್ತಿರಲಿಲ್ಲ. ಪಕ್ಕದಲ್ಲಿ ನಾನು ಕೂತು ತಿಳಿಸಿದರೆ ಚಿಕ್ಕಮ್ಮ ಮಾತು ನಿಲ್ಲಿಸಿಬಿಡುತ್ತಿದ್ದರು. ಮನೆಯವರು ದುಭಾಷಿ ಆಗಬಾರದು ಎಂದು ನನಗೆ ಅಲ್ಲೇ ಗೊತ್ತಾಯಿತು. ಅವರನ್ನು ಊರಿಗೆ ಕರೆತರಲು ಇದೂ ಒಂದು ಕಾರಣ.

ಹೊರಡುವ ಮೊದಲು ಡಿಎನ್‌ಎ ಪರೀಕ್ಷೆಗೆ ರಕ್ತ ಕೊಡಬೇಕಿತ್ತು. ದೇಹಗಳು ಚಾಲಿಯಾರ್ ಹೊಳೆಯಲ್ಲಿ ಕೊಚ್ಚಿಹೋಗಿ ಮಲಪ್ಪುರಂ ಜಿಲ್ಲೆಯ ನಿಲಂಬೂರು ಕಡೆಯೂ ಸಿಕ್ಕಿದ್ದವು. ಗುರುತು ಸಿಗದವುಗಳನ್ನು ಪುತ್ತುಮಲದಲ್ಲಿ ಎಲ್ಲ ಧರ್ಮದವರ ಪ್ರಾರ್ಥನೆಯೊಂದಿಗೆ ನಂಬರ್ ಹಾಕಿ ಮಣ್ಣು ಮಾಡಿದರು. ಗುರುತು ಹಚ್ಚಲು ಹೆಂಡತಿಯ ರಕ್ತ ಉಪಯೋಗಕ್ಕೆ ಬರುವುದಿಲ್ಲ. ತಂದೆ, ತಾಯಿ, ಮಕ್ಕಳು ಅಥವಾ ಒಡಹುಟ್ಟಿದವರದೇ ಆಗಬೇಕು. ಇದನ್ನು ತಿಳಿಯದೆ ಸಾಲಿನಲ್ಲಿ ನಿಂತಿದ್ದ ಹೆಂಗಸರನ್ನು ನಾನೇ ನೋಡಿದೆ. ಹೆಗ್ಗಡದೇವನಕೋಟೆಯಿಂದ ಚಿಕ್ಕಪ್ಪನ ಅಣ್ಣ ಬಂದು ರಕ್ತ ಕೊಟ್ಟರು. ತಾಳೆ ಆದದ್ದು ಯಾವುದೂ ಬರಲಿಲ್ಲ.

ಸಂತ್ರಸ್ತರಿಗೆ ಕೇರಳ ಸರ್ಕಾರ ಮೊದಲಿಗೆ 10,000 ರೂಪಾಯಿ ಕೊಟ್ಟಿತು. ಬಾಡಿಗೆ ಮನೆಗೆ ಹೋದವರಿಗೆ ತಿಂಗಳಿಗೆ 6,000 ರೂಪಾಯಿ ಎಂದು ಗೊತ್ತುಮಾಡಿತು. ಕಳೆದುಹೋದ ದಾಖಲೆಗಳನ್ನು ಮತ್ತೆ ಕೊಡಲು ಅದಾಲತ್ ನಡೆಸಿದರು. ಆಧಾರ್, ರೇಷನ್ ಕಾರ್ಡು, ಬ್ಯಾಂಕ್ ಪಾಸ್‌ಬುಕ್ ಎಲ್ಲಾ ಮಣ್ಣಾಗಿದ್ದವು. ಅಲ್ಲಿ ಸಿಗುವುದನ್ನೆಲ್ಲ ಮಾಡಿಸಿಕೊಂಡೇ ಹೊರಟೆವು. ನೀವೂ ಹಾಗೇ ಮಾಡಿ. ಊರಿಗೆ ಬಂದ ಮೇಲೆ ಪ್ರತಿ ಕಾಗದಕ್ಕೂ ಗಡಿ ದಾಟಿ ಓಡಾಡುವುದು ಕಷ್ಟ.

ಊರಿನಲ್ಲಿ ಮೊದಲ ವಾರಗಳು ಶಾಂತವಾಗಿದ್ದವು. ಚಿಕ್ಕಮ್ಮ ಅಡುಗೆ ಮಾಡುತ್ತಿದ್ದರು, ಹೊಲಕ್ಕೂ ಬರುತ್ತಿದ್ದರು. ಬಂದವರೆಲ್ಲ "ಗಟ್ಟಿಗಿತ್ತಿ" ಎಂದು ಹೊಗಳಿ ಹೋಗುತ್ತಿದ್ದರು. ನಿಧಾನವಾಗಿ ಬೇರೆಯದು ಕಾಣಿಸಿತು. ಮಲಗುವಾಗ ಕಾಲಲ್ಲಿ ಚಪ್ಪಲಿ. ಬಾಗಿಲಿಗೆ ಚಿಲಕ ಹಾಕಿದರೆ ಎದ್ದು ತೆಗೆಯುತ್ತಿದ್ದರು. ರಾತ್ರಿ ಒಂದು ಗಂಟೆಗೆ ಸರಿಯಾಗಿ ಎಚ್ಚರ. ಟ್ರ್ಯಾಕ್ಟರ್ ಸದ್ದಿಗೆ ಬೆವರು. ಹಿಂಗಾರು ಮಳೆ ಶುರುವಾದ ಮೇಲೆ ಅನ್ನ ಸೇರದಂತಾಯಿತು.

ಇದರ ಜೊತೆಗೆ ಊರಿನ ಮಾತು. ತಿಥಿ ಮಾಡಲಿಲ್ಲವಲ್ಲ, ಕುಂಕುಮ ಇಟ್ಟುಕೊಂಡಿದ್ದಾಳಲ್ಲ, ತಾಳಿ ತೆಗೆದಿಲ್ಲವಲ್ಲ ಎಂದು. ದೇಹ ಸಿಗದ ಮನೆಯ ಕಷ್ಟ ಇದು. ಸತ್ತರು ಎಂದು ಹೇಳುವುದಕ್ಕೂ ಆಗುವುದಿಲ್ಲ, ಬರುತ್ತಾರೆ ಎಂದು ನಂಬುವುದಕ್ಕೂ ಆಗುವುದಿಲ್ಲ. ಚಿಲಕ ಯಾಕೆ ತೆಗೀತೀಯ ಎಂದು ಅಮ್ಮ ಕೇಳಿದಾಗ ಚಿಕ್ಕಮ್ಮ ಹೇಳಿದ್ದು ನನಗೆ ಈಗಲೂ ನೆನಪಿದೆ. "ಅವ್ರು ಬಂದು ತಟ್ಟಿದ್ರೆ ನಂಗೆ ಕೇಳಿಸ್ದೆ ಹೋದ್ರೆ ಏನ್ ಮಾಡ್ಲಿ ಅಕ್ಕ?"

ಗಾಳಿ ಸೋಕಿದೆ ಎಂದು ಕೆಲವರು ಹೇಳಿದರು. ಮಲೆ ಮಹದೇಶ್ವರ ಬೆಟ್ಟಕ್ಕೆ ಹೋಗಿಬಂದೆವು. ಅಲ್ಲಿ ಅವರಿಗೆ ಸಮಾಧಾನ ಸಿಕ್ಕಿತು, ನಿಜ. ವಾಪಸ್ ಬಂದ ರಾತ್ರಿ ನಿದ್ದೆಯೂ ಬಂತು. ಡಾಕ್ಟರ್ ಆಮೇಲೆ ಈ ವಿಷಯ ಕೇಳಿ "ಬೆಟ್ಟಕ್ಕೂ ಹೋಗಿ, ಆಸ್ಪತ್ರೆಗೂ ಬನ್ನಿ, ಒಂದಕ್ಕೊಂದು ಅಡ್ಡಿ ಇಲ್ಲ" ಎಂದರು. ಮನೆಯ ಹಿರಿಯರನ್ನು ಒಪ್ಪಿಸಲು ಈ ಒಂದು ಮಾತು ಎಷ್ಟು ಸಹಾಯ ಮಾಡಿತು ಅಂದರೆ, ಎಲ್ಲ ಡಾಕ್ಟರೂ ಹೀಗೇ ಹೇಳಲಿ ಎಂದು ನನ್ನ ಆಸೆ.

ಅದಕ್ಕೂ ಮೊದಲು ಒಂದು ಖಾಸಗಿ ಕ್ಲಿನಿಕ್‌ಗೆ ಹೋಗಿದ್ದೆವು. ಅಲ್ಲಿ ಎರಡು ನಿಮಿಷ ಮಾತಾಡಿಸಿ ನಿದ್ದೆ ಮಾತ್ರೆ ಬರೆದುಕೊಟ್ಟರು. ಚಿಕ್ಕಮ್ಮ ಹಗಲೆಲ್ಲ ತೂಕಡಿಸುತ್ತಿದ್ದರು. ಮಾತ್ರೆ ತಪ್ಪಿದ ದಿನ ಕೈ ನಡುಗುತ್ತಿತ್ತು. ಇಂಥ ಆಘಾತ ಆದ ಮೊದಲ ತಿಂಗಳಲ್ಲಿ, ಆಘಾತದ ಲಕ್ಷಣಗಳಿಗೆಂದು ಆಲ್ಪ್ರಾಜೊಲಮ್, ಡಯಾಜೆಪಮ್ ಗುಂಪಿನ ಮಾತ್ರೆ ಕೊಡಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆಯ 2013ರ ಮಾರ್ಗಸೂಚಿಯೇ ಇದೆ. ಆಮೇಲೂ ಅವನ್ನು ತಿಂಗಳುಗಟ್ಟಲೆ ನುಂಗಿದರೆ ಅಭ್ಯಾಸ ಆಗಿಬಿಡುತ್ತದೆ. ಯಾರಾದರೂ ನಿದ್ದೆ ಮಾತ್ರೆ ಬರೆದರೆ "ಇದು ಎಷ್ಟು ದಿನಕ್ಕೆ? ನಿಲ್ಲಿಸುವುದು ಹೇಗೆ?" ಎಂದು ಅಲ್ಲೇ ಕೇಳಿ. ಈಗಾಗಲೇ ತಗೊಳ್ತಿದ್ದರೆ ಥಟ್ಟನೆ ಬಿಡಬೇಡಿ, ಡಾಕ್ಟರ್ ಹೇಳಿದ ಹಾಗೆ ಕಮ್ಮಿ ಮಾಡಿ.

ನಮಗೆ ಸರಿಯಾದ ಬಾಗಿಲು ತೋರಿಸಿದ್ದು ಟೆಲಿ ಮನಸ್, 14416. ಇದು 2022ರ ಅಕ್ಟೋಬರ್ 10ರಂದು ಶುರುವಾದ ಸರ್ಕಾರಿ ಸಹಾಯವಾಣಿ. ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಒಂದು ರಾತ್ರಿ ಚಿಕ್ಕಮ್ಮ ಅಂಗಳದಲ್ಲಿ ನಿಂತು ಒಳಗೆ ಬರಲು ಒಪ್ಪದಿದ್ದಾಗ ನಾನು ಫೋನ್ ಮಾಡಿದೆ. ಆ ಕಡೆಯ ಹೆಣ್ಣುಮಗಳು ಮೊದಲು ನನ್ನನ್ನು ಸಮಾಧಾನ ಮಾಡಿದರು. ಆಮೇಲೆ ಚಿಕ್ಕಮ್ಮನ ಜೊತೆ ಬಹಳ ಹೊತ್ತು ಮಾತಾಡಿದರು. ಕೊನೆಗೆ ನಮ್ಮ ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬರುತ್ತಾರೆ, ಅಲ್ಲಿಗೆ ಹೋಗಿ ಎಂದರು. ಕರ್ನಾಟಕದ ಮನೋಚೈತನ್ಯ ಕಾರ್ಯಕ್ರಮ ಅದು. ಅಷ್ಟು ಹತ್ತಿರದಲ್ಲೇ ಡಾಕ್ಟರ್ ಸಿಗುತ್ತಾರೆ ಎಂದು ನಮ್ಮೂರಲ್ಲಿ ಆಶಾ ಕಾರ್ಯಕರ್ತೆಯನ್ನು ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಹೋಗುವ ಮುಂಚೆ ಆಸ್ಪತ್ರೆಗೆ ಫೋನ್ ಮಾಡಿ, ಆ ವಾರ ಬರುತ್ತಾರಾ ಎಂದು ಕೇಳಿಕೊಳ್ಳಿ. ಶಿಬಿರವೋ ರಜೆಯೋ ಇದ್ದರೆ ಸುಮ್ನೆ ಕಾದು ವಾಪಸ್ ಬರಬೇಕಾಗುತ್ತದೆ.

ಮೊದಲ ಭೇಟಿಗೆ ಚೀಟಿ ಮಾಡಿಸಲು ಹತ್ತು ರೂಪಾಯಿ ಆಯಿತು. ಬಿಪಿ, ಶುಗರ್, ಥೈರಾಯ್ಡ್ ನೋಡಿಸಿದರು. ಥೈರಾಯ್ಡ್ ತೊಂದರೆಯಿಂದಲೂ ಎದೆ ಹೊಡೆದುಕೊಳ್ಳಬಹುದಂತೆ. ಡಾಕ್ಟರ್ ನಮ್ಮನ್ನು ಹೊರಗೆ ಕಳಿಸಿ ಅವರೊಬ್ಬರನ್ನೇ ಮಾತಾಡಿಸಿದರು. ಸಾಯಬೇಕು ಅನಿಸುತ್ತದಾ ಎಂದು ನೇರವಾಗಿ ಕೇಳಿದರಂತೆ. ಹಾಗೆ ಕೇಳಿದರೆ ಇಲ್ಲದ ಯೋಚನೆ ಬರುತ್ತದೆ ಎಂದು ನಾವು ಹೆದರುತ್ತೇವೆ. ಹಾಗೇನೂ ಆಗುವುದಿಲ್ಲ, ಕೇಳಿದರೆ ಹೇಳಿಕೊಳ್ಳಲು ದಾರಿ ಆಗುತ್ತದೆ ಎಂದು ಡಾಕ್ಟರ್ ತಿಳಿಸಿದರು. ಚಿಕ್ಕಮ್ಮ ಹೊರಗೆ ಬಂದಾಗ ಅತ್ತಿದ್ದರು. ಆ ರಾತ್ರಿಯಾದ ಮೇಲೆ ಅವರು ಅತ್ತದ್ದನ್ನು ನಾನು ನೋಡಿದ್ದು ಆವತ್ತೇ.

ಪಿಟಿಎಸ್‌ಡಿ (ದೊಡ್ಡ ಆಘಾತದ ನಂತರ ಉಳಿದುಬಿಡುವ ಮಾನಸಿಕ ತೊಂದರೆ) ಮತ್ತು ಖಿನ್ನತೆ ಎಂದು ಚೀಟಿಯಲ್ಲಿ ಬರೆದರು. ಮೊದಲ ಕೆಲವು ವಾರ ನಿದ್ದೆ ಬರದಿರುವುದು, ಬೆಚ್ಚಿಬೀಳುವುದು ಯಾರಿಗಾದರೂ ಆಗುತ್ತದೆ, ಹೆಚ್ಚಿನವರಿಗೆ ತಾನಾಗಿ ಕಮ್ಮಿ ಆಗುತ್ತದೆ. ತಿಂಗಳು ದಾಟಿದರೂ ಹಾಗೇ ಇದ್ದರೆ, ಊಟ, ಕೆಲಸ ನಿಂತರೆ, ಆಗ ಕಾಯಬಾರದು. ಸಾಯುವ ಮಾತು ಬಂದರಂತೂ ಒಂದು ದಿನವೂ ಕಾಯಬಾರದು.

ಸರ್ಟ್ರಲಿನ್ ಎಂಬ ಮಾತ್ರೆ ಶುರು ಮಾಡಿದರು. ಹಳೆಯ ನಿದ್ದೆ ಮಾತ್ರೆಯನ್ನು ನಿಧಾನವಾಗಿ ಇಳಿಸಿದರು. ಹೊಸ ಮಾತ್ರೆಯಿಂದ ಮೊದಲ ವಾರ ಹೊಟ್ಟೆ ತೊಳಸಿತು, ಬಾಯಿ ಒಣಗಿತು. "ಈ ಮಾತ್ರೆ ಬ್ಯಾಡ ಮಗ" ಎಂದು ಚಿಕ್ಕಮ್ಮ ಹಟ ಹಿಡಿದರು. ಇಲ್ಲೇ ಬಹಳ ಜನ ಬಿಟ್ಟುಬಿಡುತ್ತಾರೆ. ಗುಣ ಕಾಣಲು ಮೂರ್ನಾಲ್ಕು ವಾರ ಬೇಕು, ತೊಂದರೆ ಮಾತ್ರ ಮೊದಲ ದಿನವೇ ಕಾಣುತ್ತದೆ. ಊಟವಾದ ಮೇಲೆ ಕೊಟ್ಟು, ಅಮ್ಮ ಪಕ್ಕದಲ್ಲೇ ಕೂತು ನುಂಗಿಸುತ್ತಿದ್ದರು. ಮಾತ್ರೆ ಸರ್ಕಾರಿ ಆಸ್ಪತ್ರೆಯಲ್ಲೇ ಉಚಿತವಾಗಿ ಸಿಗುತ್ತಿತ್ತು. ಸ್ಟಾಕ್ ಇಲ್ಲದ ತಿಂಗಳು ಜನೌಷಧಿ ಅಂಗಡಿಯಿಂದ ತಂದೆವು. ಖಾಲಿಯಾಗುವ ಒಂದು ವಾರ ಮುಂಚೆಯೇ ವಿಚಾರಿಸಿ, ಒಂದು ದಿನವೂ ತಪ್ಪಬಾರದು.

ಮಾತಿನ ಚಿಕಿತ್ಸೆಗೆ ಜಿಲ್ಲಾ ಕೇಂದ್ರಕ್ಕೆ, ಆಮೇಲೆ ಮೈಸೂರಿಗೆ ಹೋಗಬೇಕಾಯಿತು. ನಿಜವಾದ ಖರ್ಚು ಇಲ್ಲೇ. ನಮ್ಮ ರಾಜ್ಯದ ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆಯಲ್ಲಿ ಬಸ್ ಉಚಿತ. ಆದರೆ ಚಿಕ್ಕಮ್ಮನ ಆಧಾರ್‌ನಲ್ಲಿ ಕೇರಳದ ವಿಳಾಸ. ಕಂಡಕ್ಟರ್ ಟಿಕೆಟ್ ಹರಿದಾಗಲೆಲ್ಲ ಅವರು ಮುಖ ಸಣ್ಣ ಮಾಡಿಕೊಳ್ಳುತ್ತಿದ್ದರು. "ನಾನು ಈಗ ಯಾವೂರ್ನವ್ಳೂ ಅಲ್ಲ ಅಲ್ವಾ" ಎಂದು ಒಮ್ಮೆ ಕೇಳಿದರು. ಇಲ್ಲಿಯ ಬಿಪಿಎಲ್ ಕಾರ್ಡ್ ಇಲ್ಲದ್ದರಿಂದ ಆಸ್ಪತ್ರೆಯ ರಿಯಾಯಿತಿಗಳಲ್ಲೂ ಗೊಂದಲ. ವಿಳಾಸ ಬದಲಿಸಿಬಿಡೋಣ ಎಂದು ಎಲ್ಲರೂ ಹೇಳಿದರು. ನಾವು ಬದಲಿಸಲಿಲ್ಲ. ಅಲ್ಲಿ ಪುನರ್ವಸತಿ ಪಟ್ಟಿ ಇನ್ನೂ ತಯಾರಾಗುತ್ತಿತ್ತು. ಕಲ್ಪೆಟ್ಟದ ಎಲ್ಸ್ಟನ್ ಎಸ್ಟೇಟ್‌ನಲ್ಲಿ ಟೌನ್‌ಶಿಪ್‌ಗೆ ಶಂಕುಸ್ಥಾಪನೆ ಆದದ್ದೇ 2025ರ ಮಾರ್ಚ್ 27ಕ್ಕೆ. ನನ್ನ ಅಭಿಪ್ರಾಯ, ಪರಿಹಾರದ ಕೆಲಸ ಪೂರ್ತಿ ಮುಗಿಯುವವರೆಗೆ ವಿಳಾಸ ಮುಟ್ಟಬೇಡಿ. ಬಸ್ ಖರ್ಚು ತಡೆದುಕೊಳ್ಳಬಹುದು. ಪಟ್ಟಿಯಿಂದ ಹೆಸರು ಬಿಟ್ಟುಹೋದರೆ ಅದನ್ನು ಸೇರಿಸುವುದು ಬಹಳ ಕಷ್ಟ.

ಮೈಸೂರಿನಲ್ಲಿ ಸೈಕಾಲಜಿಸ್ಟ್‌ಗಾಗಿ ಕಾಯುವುದು ದೊಡ್ಡ ಕೆಲಸವಾಗಿತ್ತು. ಹೊಸಬರಿಗೆ ಸಮಯ ಸಿಗಲು ವಾರಗಳು ಬೇಕು. ಬೆಳಗಿನ ಬಸ್ಸಿಗೆ ಹೊರಟರೆ ಮನೆ ಸೇರುವುದು ಕತ್ತಲಿಗೆ. ಒಂದು ಕಡೆ ಕೌಂಟರ್‌ನಲ್ಲಿ ಜನರ ಮುಂದೆಯೇ ಜೋರಾಗಿ "ಮೆಂಟಲ್ ಕೇಸಾ?" ಎಂದು ಕೇಳಿದರು. ಚಿಕ್ಕಮ್ಮ ಆವತ್ತು ಒಳಗೆ ಬರಲೇ ಇಲ್ಲ. ಬಸ್ ಸ್ಟ್ಯಾಂಡ್‌ಗೆ ನಡೆದುಬಿಟ್ಟರು. ಮುಂದಿನ ಸಲ ನಾನೊಬ್ಬನೇ ಮೊದಲು ಹೋಗಿ ಚೀಟಿ ಮಾಡಿಸಿ, ಆಮೇಲೆ ಅವರನ್ನು ಕರೆತಂದೆ. ಜೊತೆಗೆ ಒಬ್ಬರು ಹೋಗುವುದಾದರೆ ಹೀಗೆ ಮಾಡಿ. ಹಾಗೆಯೇ ಇನ್ನೊಂದು. ಯೂಟ್ಯೂಬ್‌ಗೆ ವಿಡಿಯೋ ಮಾಡುತ್ತೇವೆ ಎಂದು ಕ್ಯಾಮೆರಾ ಹಿಡಿದು ಮನೆಗೇ ಬಂದವರಿದ್ದರು. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ ಪ್ರಕಾರ ಚಿಕಿತ್ಸೆಯಲ್ಲಿರುವವರ ಫೋಟೋ, ಮಾಹಿತಿಯನ್ನು ಅವರ ಒಪ್ಪಿಗೆ ಇಲ್ಲದೆ ಮಾಧ್ಯಮಕ್ಕೆ ಕೊಡುವಂತಿಲ್ಲ. ಬಾಗಿಲಲ್ಲೇ ಇಷ್ಟು ಹೇಳಿ ಕಳಿಸಿದೆ.

ಸೈಕಾಲಜಿಸ್ಟ್ ಮೊದಲಿಗೆ ಭೂಕುಸಿತದ ಮಾತೇ ಎತ್ತಲಿಲ್ಲ. ಎದೆ ಬಡಿದುಕೊಂಡಾಗ ಉಸಿರನ್ನು ನಿಧಾನ ಬಿಡುವುದು, ಸುತ್ತ ಕಾಣುವ ಐದು ವಸ್ತುಗಳ ಹೆಸರು ಹೇಳುತ್ತಾ ತಾನೀಗ ಎಲ್ಲಿದ್ದೇನೆ ಎಂದು ನೆನಪು ಮಾಡಿಕೊಳ್ಳುವುದು, ಇಂಥದ್ದನ್ನು ಕಲಿಸಿದರು. ನಂಬಿಕೆ ಬಂದ ಮೇಲೆ ಆ ರಾತ್ರಿಯ ಕಥೆಯನ್ನು ಸ್ವಲ್ಪ ಸ್ವಲ್ಪವಾಗಿ ಹೇಳಿಸಿದರು. ಹೇಳಿದ ದಿನ ಮನೆಗೆ ಬಂದು ಚಿಕ್ಕಮ್ಮ ಇನ್ನೂ ಜಾಸ್ತಿ ಕಳವಳ ಪಡುತ್ತಿದ್ದರು. ಚಿಕಿತ್ಸೆ ಕೆಡಿಸುತ್ತಿದೆಯೇ ಎಂದು ನಾವು ಹೆದರಿದ್ದೆವು. ಅದು ಕೆಲವು ವಾರ ಹಾಗೇ ಇದ್ದು ಆಮೇಲೆ ಇಳಿಯಿತು. ಚಿಕ್ಕಪ್ಪನನ್ನು ತಡೆಯಲಿಲ್ಲವಲ್ಲ ಎಂದು ತಮ್ಮನ್ನೇ ದೂರಿಕೊಳ್ಳುತ್ತಿದ್ದರು. ಇನ್ನೊಮ್ಮೆ ಕುಸಿಯುತ್ತದೆ ಎಂದು ಆಗ ಯಾರಿಗಾದರೂ ತಿಳಿದಿತ್ತೇ ಎಂದು ಸೈಕಾಲಜಿಸ್ಟ್ ಕೇಳಿದ ಪ್ರಶ್ನೆಯನ್ನು ಚಿಕ್ಕಮ್ಮ ಎಷ್ಟೋ ದಿನ ಮನಸ್ಸಿನಲ್ಲಿ ಇಟ್ಟುಕೊಂಡು ಯೋಚಿಸಿದರು.

ಇಷ್ಟೆಲ್ಲ ಆದರೂ ಕಚೇರಿಯಿಂದ ಒಂದು ಫೋನ್ ಬಂದರೆ ಎಲ್ಲಾ ಹಾಳಾಗುತ್ತಿತ್ತು. ಪ್ರತಿ ಮೇಜಿನ ಮುಂದೆ ಅದೇ ಪ್ರಶ್ನೆ: ಎಲ್ಲಿ ಇದ್ದಿರಿ, ಎಷ್ಟು ಗಂಟೆಗೆ, ಗಂಡನನ್ನು ಕೊನೆಗೆ ಯಾವಾಗ ನೋಡಿದಿರಿ. ಇದನ್ನು ಕೇಳಿದ ಡಾಕ್ಟರ್, ಕಾಗದದ ಕೆಲಸ ಸುಲಭ ಮಾಡಿಕೊಡುವುದೂ ಚಿಕಿತ್ಸೆಯ ಭಾಗವೇ ಎಂದರು. ನನ್ನ ಮಟ್ಟಿಗೆ ಇಡೀ ಅನುಭವದಲ್ಲಿ ಇದಕ್ಕಿಂತ ಮುಖ್ಯವಾದ ಮಾತಿಲ್ಲ. ನಡೆದದ್ದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು, ಅವರಿಂದ ಸಹಿ ಮಾಡಿಸಿ, ಪ್ರತಿಗಳನ್ನು ತೆಗೆಸಿದೆ. ಎಲ್ಲ ಅರ್ಜಿಯಲ್ಲೂ ಸಂಪರ್ಕಕ್ಕೆ ನನ್ನ ನಂಬರ್ ಕೊಟ್ಟೆ. ಕಚೇರಿಯಲ್ಲಿ ಕೇಳಿದರೆ ಹಾಳೆ ಕೊಡುವುದು. ಅವರೇ ಹೋಗಬೇಕಾದ ಕಡೆ ಮಾತ್ರ ಕರೆದೊಯ್ಯುವುದು. ಆ ತಿಂಗಳಿಂದ ಅವರ ರಾತ್ರಿಗಳು ಸುಧಾರಿಸಿದವು. ಮನೆಯಲ್ಲಿ ಓದು ಬರಹ ಬಲ್ಲ ಒಬ್ಬರು ಈ ಹೊರೆ ಹೊತ್ತುಕೊಳ್ಳಲೇಬೇಕು.

ಎಲ್ಲಕ್ಕಿಂತ ಕಷ್ಟವಾದ ಕಾಗದ ಮರಣ ಪತ್ರ. ಸಾಮಾನ್ಯವಾಗಿ ಕಾಣೆಯಾದವರನ್ನು ಕಾನೂನು ಮೃತರೆಂದು ಭಾವಿಸಲು ಏಳು ವರ್ಷ ಬೇಕು. ಈ ದುರಂತದಲ್ಲಿ ಹಾಗೆ ಕಾಯಿಸದೆ, ಕೇರಳ ಸರ್ಕಾರ 2025ರ ಜನವರಿಯಲ್ಲಿ ಆದೇಶ ಹೊರಡಿಸಿತು. ಗ್ರಾಮ ಅಧಿಕಾರಿ, ಪಂಚಾಯಿತಿ ಕಾರ್ಯದರ್ಶಿ, ಪೊಲೀಸ್ ಠಾಣಾಧಿಕಾರಿ ಇರುವ ಸ್ಥಳೀಯ ಸಮಿತಿ ಪಟ್ಟಿ ಮಾಡಬೇಕು, ಜಿಲ್ಲೆ ಮತ್ತು ರಾಜ್ಯ ಮಟ್ಟದಲ್ಲಿ ಅದನ್ನು ಪರಿಶೀಲಿಸಬೇಕು. ಕಾಣೆಯಾದ ಬಗ್ಗೆ ಪೊಲೀಸ್ ದೂರು ದಾಖಲಾಗಿರಬೇಕು. ಕ್ಯಾಂಪಿನಲ್ಲಿದ್ದಾಗಲೇ ಚಿಕ್ಕಪ್ಪನ ಅಣ್ಣ ದೂರು ಕೊಟ್ಟಿದ್ದು ಇಲ್ಲಿ ಉಪಯೋಗಕ್ಕೆ ಬಂತು.

ಚಿಕ್ಕಮ್ಮ ಸಹಿ ಹಾಕಲು ಒಪ್ಪಲಿಲ್ಲ. "ನಾನೇ ಸಹಿ ಹಾಕಿ ಅವ್ರುನ್ನ ಸಾಯ್ಸಲಾ?" ಎಂದರು. ನಾವು ಯಾರೂ ಬಲವಂತ ಮಾಡಲಿಲ್ಲ. ಸೈಕಾಲಜಿಸ್ಟ್ ಇದಕ್ಕೆಂದೇ ಸಮಯ ಕೊಟ್ಟರು. ಸರ್ಕಾರಕ್ಕೆ ಬೇಕಾದ ಸಹಿ ಬೇರೆ, ಮನಸ್ಸು ಒಪ್ಪಿ ಬೀಳ್ಕೊಡುವುದು ಬೇರೆ, ಎರಡನ್ನೂ ಒಂದೇ ದಿನ ಮಾಡಬೇಕಾಗಿಲ್ಲ ಎಂದು ಅವರು ತಿಳಿಸಿಹೇಳಿದರು. ತಾಳಿ, ಕುಂಕುಮದ ವಿಷಯದಲ್ಲಿ ಯಾರೂ ಮಾತಾಡಕೂಡದು ಎಂದು ಅಮ್ಮ ಮನೆಗೆ ಬಂದವರಿಗೆಲ್ಲ ಖಡಾಖಂಡಿತ ಹೇಳಿಬಿಟ್ಟರು. ಕೆಲವು ವಾರ ಕಳೆದ ಮೇಲೆ ಚಿಕ್ಕಮ್ಮ ತಾವಾಗಿಯೇ ಸಹಿ ಹಾಕಿದರು.

ಪತ್ರ ಕೈಗೆ ಬಂದ ಮೇಲೆ ಕರ್ಮ ಎಲ್ಲಿ ಮಾಡುವುದು ಎಂಬ ಮಾತು ಬಂತು. ನಂಜನಗೂಡಿನ ಕಪಿಲೆಯಲ್ಲಿ ಮಾಡೋಣ, ಅದೂ ವಯನಾಡಿನಿಂದಲೇ ಬರುವ ಹೊಳೆ ಎಂದು ದೊಡ್ಡವರು ಹೇಳಿದರು. ಚಿಕ್ಕಮ್ಮ ಒಪ್ಪಲಿಲ್ಲ. ಅವರನ್ನು ಕೊಂಡೊಯ್ದ ನೀರು ಈ ಕಡೆ ಬರುವುದಿಲ್ಲ, ಆ ಕಡೆ ಸಮುದ್ರಕ್ಕೆ ಹೋಗುತ್ತದೆ ಎಂದರು. ಅವರ ಮಾತೇ ಸರಿ. ಕಪಿಲೆ, ಅಂದರೆ ಕಬಿನಿ, ಪೂರ್ವಕ್ಕೆ ಹರಿದರೆ ಚಾಲಿಯಾರ್ ಪಶ್ಚಿಮಕ್ಕೆ. ನಿಲಂಬೂರಿನ ಹತ್ತಿರ ಹೊಳೆದಂಡೆಯಲ್ಲಿ ಕರ್ಮ ಮಾಡಿ, ಬರುವಾಗ ಪುತ್ತುಮಲಕ್ಕೆ ಹೋಗಿ ನಂಬರ್ ಇರುವ ಸಮಾಧಿಗಳಿಗೆಲ್ಲ ಹೂವಿಟ್ಟು ಬಂದೆವು. ದಿನ, ಜಾಗ, ರೀತಿ ಎಲ್ಲವನ್ನೂ ಚಿಕ್ಕಮ್ಮನೇ ನಿರ್ಧರಿಸಿದ್ದರು. ಅಂದಿನಿಂದ ಮನೆಯ ಬಾಗಿಲಿಗೆ ಚಿಲಕ ಹಾಕಲು ಬಿಟ್ಟರು.

2025ರ ಮಳೆಗಾಲ ಇನ್ನೊಂದು ಪರೀಕ್ಷೆ. ವರ್ಷ ತುಂಬುವ ಹೊತ್ತಿಗೆ ಲಕ್ಷಣಗಳು ಮತ್ತೆ ಬರುವುದು ಸಾಮಾನ್ಯ ಎಂದು ಡಾಕ್ಟರ್ ಮೊದಲೇ ಹೇಳಿದ್ದರು. ಜುಲೈಗೆ ಮುಂಚೆ ಭೇಟಿ ಹಾಕಿಸಿಕೊಂಡೆವು, ಟಿವಿಯಲ್ಲಿ ಹಳೆಯ ದೃಶ್ಯ ಬಂದರೆ ಆರಿಸಿದೆವು, ಆ ರಾತ್ರಿ ಎಲ್ಲರೂ ಹಜಾರದಲ್ಲೇ ಮಲಗಿದೆವು. ಚಿಕ್ಕಮ್ಮ ಎರಡು ಸಲ ಎದ್ದರು, ಉಸಿರಿನ ಅಭ್ಯಾಸ ಮಾಡಿ ಮತ್ತೆ ಮಲಗಿದರು. ಮಳೆ ಕಳೆದ ಮೇಲೆಯೇ ಮಾತ್ರೆಯನ್ನು ಅರ್ಧ, ಕಾಲು ಎಂದು ಇಳಿಸಿ ಕೊನೆಗೆ ನಿಲ್ಲಿಸಿದರು. ಈಗ ಅವರು ಸ್ತ್ರೀಶಕ್ತಿ ಸಂಘಕ್ಕೆ ಸೇರಿದ್ದಾರೆ, ಹೊಲಿಗೆ ಕಲಿಯುತ್ತಿದ್ದಾರೆ. ಜೋರು ಮಳೆ ಬಂದರೆ ಈಗಲೂ ಮಾತು ಕಮ್ಮಿ.

ಚೀಟಿ, ವರದಿ, ಮಾತ್ರೆಯ ಹೆಸರು, ಪರಿಹಾರದ ಕಾಗದ ಎಲ್ಲ ಒಂದೇ ಫೈಲಿನಲ್ಲಿವೆ. ಅವುಗಳ ಫೋಟೋ ನನ್ನ ಮತ್ತು ಅಮ್ಮನ ಫೋನಿನಲ್ಲಿವೆ. ಮುಂದಿನ ಭೇಟಿ ಮೇ ತಿಂಗಳಲ್ಲಿ, ಮುಂಗಾರಿಗೆ ಮುಂಚೆ. ಸತತ ಒಂದು ವಾರ ನಿದ್ದೆ ಇಲ್ಲದಿದ್ದರೆ, ಊಟ ಬಿಟ್ಟರೆ, ಚಪ್ಪಲಿ ಹಾಕಿಕೊಂಡು ಮಲಗುವುದು ಮತ್ತೆ ಶುರುವಾದರೆ ಅಲ್ಲಿವರೆಗೆ ಕಾಯದೆ ಬನ್ನಿ ಎಂದು ಡಾಕ್ಟರ್ ಚೀಟಿಯ ಹಿಂದೆ ಕನ್ನಡದಲ್ಲೇ ಬರೆದುಕೊಟ್ಟಿದ್ದಾರೆ. ನಿಮ್ಮ ಡಾಕ್ಟರನ್ನೂ ಇದನ್ನು ಬರೆದುಕೊಡಿ ಎಂದು ಕೇಳಿ.